ಜಾಗಟೆಗೆ ಬಾರದ ಜಿಂಕೆಗಳು

ನಮ್ಮ ಮನೆಯ ಬೆಳ್ಳಿ ಒಳಲೆಯ ಮೂತಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತುಗಳಿವೆ. ಎಲ್ಲವೂ ಕೆಳಬದಿಯಲ್ಲೇ ಇವೆ, ಮೇಲುಬದಿ ನುಣ್ಣಗಿದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲು ಇರುವುದಿಲ್ಲ.

ಆ ಒಳಲೆಯಲ್ಲಿ ಮೊದಲು ಹಾಲು ಕುಡಿದವಳು ನಾನು. ನನ್ನ ನಂತರ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಹಾಗಾಗಿ ಒಳಲೆ ಬಹಳ ಕಾಲ ಪೆಟ್ಟಿಗೆಯ ತಳದಲ್ಲಿ, ಅವ್ವನ ಮದುವೆಯ ಸೀರೆಯ ಮಡಿಕೆಯೊಳಗೆ ಇತ್ತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಬೇಸಿಗೆ ರಜಕ್ಕೆ ಬಂದ ಒಂದು ದಿನ, ಅವ್ವ ಅದನ್ನು ಹೊರಗೆ ತೆಗೆದು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಯಾರಿಗೆ ಎಂದು ಕೇಳಿದೆ. ಅವಳು ಗಲ್ಲದಿಂದ ಮೂಲೆಯ ಕಡೆ ತೋರಿಸಿದಳು. ಗೋಣಿಚೀಲದ ಮೇಲೆ, ಹುಟ್ಟಿ ವಾರವೂ ಆಗಿರದ ಒಂದು ಗಂಡು ಜಿಂಕೆಮರಿ ಕಾಲು ಮಡಿಸಿಕೊಂಡು ಮಲಗಿತ್ತು. ಬೆನ್ನಿನ ಚುಕ್ಕೆಗಳು ಮೈಗಿಂತ ದೊಡ್ಡದಾಗಿ ಕಾಣುತ್ತಿದ್ದವು.

ಮರಿಯ ತಾಯಿಯನ್ನು ಸೀಳುನಾಯಿಗಳು ಕೊಂದಿದ್ದವು. ಯಳಂದೂರಿನಿಂದ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಊರಿನ ದೊಡ್ಡಮನೆಯ ಯಜಮಾನರ ಜಿಂಕೆದೊಡ್ಡಿ ಇದೆ. ಸುತ್ತ ಆಳೆತ್ತರ ಮೀರಿದ ಕಲ್ಲುಗೋಡೆ, ಗೋಡೆಯ ಹೊರಗೆ ಕಳ್ಳಿಬೇಲಿ. ಹಿಂದಿನ ಮಳೆಗೆ ಗೋಡೆ ಒಂದು ಕಡೆ ಕುಸಿದಿತ್ತು, ಅಲ್ಲಿಂದ ನಾಯಿಗಳು ನುಗ್ಗಿದ್ದವು. ಅಪ್ಪ ಆ ದೊಡ್ಡಿಯ ಪಾರುಪತ್ಯ ನೋಡುತ್ತಿದ್ದರು. ಗೋಡೆಗೆ ಒತ್ತಿಕೊಂಡ ಮನೆಯಲ್ಲೇ ನಾವಿದ್ದೆವು. ಅವ್ವನ ತವರು ಕಾಮಗೆರೆ. ಆಗ ಕಾಮಗೆರೆಯಿದ್ದ ಕೊಳ್ಳೇಗಾಲದ ಸೀಮೆ ಮದ್ರಾಸಿನದು, ಯಳಂದೂರು ಮೈಸೂರಿನದು. ಆದರೆ ಅವ್ವನಿಗೆ ತಾನು ಒಂದು ಸರ್ಕಾರ ಬಿಟ್ಟು ಇನ್ನೊಂದಕ್ಕೆ ಬಂದವಳು ಎಂಬ ಯೋಚನೆ ಯಾವತ್ತೂ ಬಂದಂತಿರಲಿಲ್ಲ. ಹೊಳೆ ದಾಟಿ ಬಂದೆ ಅನ್ನುತ್ತಿದ್ದಳು, ಅಷ್ಟೆ.

ಅವಳು ಮರಿಗೆ ಆಡಿನ ಹಾಲು ಹಾಕಿ ಸಾಕಿದಳು. ಹೆಸರಿಡಲಿಲ್ಲ. ಮರಿ ಅನ್ನುತ್ತಿದ್ದಳು, ಯಾರೂ ಇಲ್ಲದಾಗ ಮಗಾ ಅನ್ನುತ್ತಿದ್ದಳು. ನಾನು ರಜ ಮುಗಿಸಿ ಮೈಸೂರಿಗೆ ಹೋದೆ.

ಯಜಮಾನರು ನಮ್ಮವರೇ, ಶಿವಭಕ್ತರು. ಮನೆಯಲ್ಲಿ ಮಾಂಸ ಇಲ್ಲ, ಬೇಟೆಯೂ ಇರಲಿಲ್ಲ. ಅವರ ತಾತ ಜಿಂಕೆ ಸಾಕಿದ್ದು ನೋಡುವ ಸುಖಕ್ಕೆ. ವರ್ಷಕ್ಕೊಮ್ಮೆ ಗಂಡುಜಿಂಕೆ ಕೊಂಬು ಉದುರಿಸುತ್ತದೆ, ಮತ್ತೆ ಹೊಸದು ಬರುತ್ತದೆ. ಹಾಗೆ ಉದುರಿದ್ದರಲ್ಲಿ ಚೆಂದದ ಜೋಡಿಗಳನ್ನು ಆರಿಸಿ ದೊಡ್ಡಮನೆಯ ಪಡಸಾಲೆಯ ಗೋಡೆಗೆ ಬಡಿಯುತ್ತಿದ್ದರು. ಪ್ರಾಣಿ ಕೊಲ್ಲದೆ ಸಿಕ್ಕ ಕೊಂಬುಗಳು ಎಂಬುದು ಆ ಮನೆತನದ ಹೆಮ್ಮೆ. ಬಾಗಿಲಿನಿಂದ ಶುರುವಾಗಿ ಹಿಂದಿನ ಕೋಣೆಯವರೆಗೆ ಸಾಲಾಗಿದ್ದವು. ಬಾಗಿಲ ಬಳಿಯವು ತಾತನ ಕಾಲದವು, ತೋಳಿನಷ್ಟು ಉದ್ದ. ಒಳಗೆ ಹೋದಂತೆಲ್ಲ ಗಿಡ್ಡ.

"ಆವಾಗಿನ ಕೊಂಬಿಗೆ ಪೇಟ ತಗುಲಿಸ್ತಿದ್ರು ಕಣವ್ವ," ಎಂದು ಯಜಮಾನರು ನನಗೊಮ್ಮೆ ಹೇಳಿದ್ದರು. "ಈಗಿನದಕ್ಕೆ ಟವಲ್ ಹಾಕಿದ್ರೂ ಜಾರ್ತದೆ."

ಅವರು ನಗುತ್ತಾ ಹೇಳಿದರೂ ಅದು ಅವರನ್ನು ಕೊರೆಯುತ್ತಿತ್ತು. ಬಂದವರೆಲ್ಲ ಆ ಸಾಲನ್ನು ನೋಡುತ್ತಿದ್ದರು, ನೋಡಿ ಬಾಗಿಲ ಬಳಿಯವನ್ನಷ್ಟೇ ಹೊಗಳುತ್ತಿದ್ದರು.

ಮರಿ ಬರುವುದಕ್ಕೆ ಕೆಲವು ವರ್ಷ ಮೊದಲು ಅವರ ಮಗಳನ್ನು ಹನೂರಿನ ಕಡೆಯ ಒಂದು ಸಿರಿವಂತ ಮನೆಗೆ ಕೊಟ್ಟಿದ್ದರು. ಅಳಿಯಂದಿರು ಕೊಯಮತ್ತೂರಿನಲ್ಲಿ ವ್ಯವಸಾಯದ ಕಾಲೇಜಿನಲ್ಲಿ ಓದಿದವರು. ಮದುವೆಯಾದ ಮೊದಲ ಸಂಕ್ರಾಂತಿಗೆ ಬಂದಾಗ ಅವರು ಗೋಡೆಯ ಕೊಂಬುಗಳನ್ನು ಒಂದೊಂದಾಗಿ ನೋಡಿ, "ಬೀಜ ಕೆಟ್ಟಿದೆ ಮಾವ," ಅಂದರಂತೆ. ಇಂಗ್ಲೆಂಡಿನ ದೊಡ್ಡ ದೊಡ್ಡ ದೊಡ್ಡಿಗಳಲ್ಲಿ ಕೊಂಬು ಕೆಟ್ಟ ಗಂಡುಗಳನ್ನು ವರ್ಷವರ್ಷ ತೆಗೆದುಬಿಡುತ್ತಾರೆ, ಒಳ್ಳೆಯವು ಮಾತ್ರ ಹೆಣ್ಣುಗಳ ಜೊತೆ ಉಳಿಯುತ್ತವೆ, ಕೆಲವು ತಲೆಮಾರಿನಲ್ಲಿ ಮಂದೆಯೇ ಬದಲಾಗುತ್ತದೆ ಎಂದು ವಿವರಿಸಿದರು. ತೆಗೆಯುವುದು ಅಂದರೆ ಕೊಲ್ಲುವುದು ಎಂದು ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು ಎಂದು ಅಪ್ಪ ಹೇಳುತ್ತಿದ್ದರು. ಆದರೂ ಒಪ್ಪಿದರು. ಅಳಿಯನ ಮಾತು, ಅದೂ ಮೊದಲ ಹಬ್ಬದಲ್ಲಿ.

ಒಪ್ಪುವಾಗ ಯಜಮಾನರು ಒಂದು ಮಾತು ಸೇರಿಸಿದರು. ಅಟ್ಟಿಸಿಕೊಂಡು ಹೋಗಿ ಹೊಡೆಯಕೂಡದು, ಯಾವ ಪ್ರಾಣಿಯೂ ಹಸಿದ ಹೊಟ್ಟೆಯಲ್ಲಿ ಸಾಯಕೂಡದು. ದೊಡ್ಡಿಯ ನಡುವೆ ಒಂದು ಕಲ್ಲುಬಾನಿ ಇದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಅಪ್ಪ ಅದಕ್ಕೆ ನೆನೆಸಿದ ಹುರುಳಿ ಮತ್ತು ಉಪ್ಪು ಸುರಿದು ಜಾಗಟೆ ಬಾರಿಸುತ್ತಿದ್ದರು. ಜಿಂಕೆಗಳು ಆ ಸದ್ದಿಗೆ ಬರುತ್ತಿದ್ದವು, ತಾತನ ಕಾಲದಿಂದ ಬರುತ್ತಿದ್ದವು. ಇನ್ನು ಮೇಲೆ ಸಂಕ್ರಾಂತಿಗೂ ಹಾಗೇ ಹುರುಳಿ ಹಾಕಿ ಜಾಗಟೆ ಬಾರಿಸುವುದು, ಅವು ಬಂದು ತಿನ್ನುತ್ತಿರುವಾಗ ಬಾನಿಯ ಹಿಂದಿನ ಮೋಟುಗೋಡೆಯ ಮರೆಯಿಂದ ಅಳಿಯಂದಿರು ಹೊಡೆಯುವುದು ಎಂದಾಯಿತು. ಯಾವುದನ್ನು ಎಂದು ಬೆರಳು ತೋರಿಸುವವರು ಅಪ್ಪ. ಕೊಂಬು ಬಂದೂ ಮೊಳ ಮುಟ್ಟದ ಗಂಡು ಯಾವುದೂ ಉಳಿಯಬಾರದು ಎಂಬುದು ಅಳಿಯಂದಿರ ನಿಯಮ. ಸತ್ತದ್ದನ್ನು ದೊಡ್ಡಮನೆಯ ಕೊಟ್ಟಿಗೆಗೆ ಸಾಗಿಸಿ, ಮರುದಿನ ತಿನ್ನುವ ಜಾತಿಯ ಆಳುಗಳಿಗೆ ಹಂಚುತ್ತಿದ್ದರು.

ಅಪ್ಪ ಆ ದಿನ ಮನೆಗೆ ಬಂದು ಎರಡು ಸಲ ಸ್ನಾನ ಮಾಡುತ್ತಿದ್ದರು.

ನಾನು ಪದವಿ ಮುಗಿಸಿ ಊರಿಗೆ ಬಂದಾಗ ಮರಿಗೆ ವರ್ಷ ತುಂಬಿತ್ತು. ಕಿವಿಗಳ ನಡುವೆ ಎರಡು ಗೆಣ್ಣು ಎದ್ದು, ಅದರ ಮೇಲೆ ಮೆತ್ತನೆ ರೋಮದ ಚರ್ಮ ಹೊದ್ದ ಕಡ್ಡಿಕೊಂಬು ಬೆಳೆಯುತ್ತಿತ್ತು. ಮುಟ್ಟಿದರೆ ಬಿಸಿಯಾಗಿರುತ್ತಿತ್ತು. ಕೊಂಬು ಬಂದ ಗಂಡನ್ನು ಅಂಗಳದಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಅಪ್ಪ ಅದನ್ನು ದೊಡ್ಡಿಗೆ ಬಿಟ್ಟರು. ಅವ್ವ ಕೊರಳಿಗೆ ಕೆಂಪು ನೂಲು ಕಟ್ಟಿದಳು. ದಿನವೂ ಮುಸುರೆ ತಿಕ್ಕಿದ ಮೇಲೆ ಗೋಡೆಯ ಕಿಂಡಿಯ ಹತ್ತಿರ ನಿಂತು ಕೂಗುತ್ತಿದ್ದಳು. ಅದು ಓಡಿ ಬಂದು ಕಿಂಡಿಗೆ ಮೂತಿ ತೂರಿಸುತ್ತಿತ್ತು.

ಹಿಪ್ಪನೇರಳೆ ಸೊಪ್ಪು ಬಿಡಿಸಲು ಬರುತ್ತಿದ್ದ ಒಬ್ಬ ಹೆಂಗಸು ಇದನ್ನು ನೋಡಿ ಅವ್ವನನ್ನು ರೇಗಿಸುತ್ತಿದ್ದಳು.

"ಅಕ್ಕೋ, ನಿನ್ ಮಗಂಗೆ ಮೀಸೆ ಚಿಗುರ್ದಂಗೆ ಕೊಂಬು ಚಿಗುರವೆ. ಎಣ್ಣು ನೋಡಾಕಿಲ್ವಾ?"

"ನೋಡ್ಬೇಕು ಕಣೆ. ನಿನ್ ಮಗಳ್ನೇ ಕೊಡು. ಅವ್ಳಿಗೆ ಅಡ್ಗೆ ಬರಾಕಿಲ್ಲ, ಇವ್ನು ಬೇಯ್ಸಿದ್ದು ತಿನ್ನಾಕಿಲ್ಲ. ಸರ್ಯಾಗಿ ಓಯ್ತದೆ."

"ನನ್ ಮಗಳ್ನಾ? ಬ್ಯಾಡ ಕಣಕ್ಕ. ಮೊಳ ಇಲ್ದೋರ್ನ ದೊಡ್ಮನೆ ಅಳಿಯ್ದೇವ್ರು ಉಳ್ಸಾಕಿಲ್ಲ. ಸಂಕ್ರಾಂತಿ ಕಳುದ್ರೆ ನನ್ ಮಗಳು ಮುಂಡೆ ಆಯ್ತಳೆ."

ಇಬ್ಬರೂ ನಕ್ಕರು. ಅವ್ವನ ನಗು ಬೇಗ ನಿಂತಿತು. ಆವತ್ತು ಅನ್ನ ಬಡಿಸುತ್ತಾ ನನ್ನನ್ನು ಕೇಳಿದಳು: "ಸಂಕ್ರಾಂತಿ ವೊತ್ಗೆ ಅದ್ರ ಕೊಂಬು ಮೊಳ ಆಯ್ತದಾ ಮಗಾ?"

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೊದಲ ಕೊಂಬು ಯಾವ ಜಿಂಕೆಗೂ ಕಡ್ಡಿಯೇ. ಅದು ಉದುರಿ, ಎರಡನೆಯದೋ ಮೂರನೆಯದೋ ಬಂದಾಗ ಕವಲೊಡೆಯುತ್ತದೆ, ಆಮೇಲೆ ಉದ್ದವಾಗುತ್ತದೆ. ಹಾಗೆಂದೆ.

"ಅಂಗಾರೆ ಅದು ಕೆಟ್ ಬೀಜ ಅಲ್ವಲ್ಲ?"

"ಅಲ್ಲವ್ವ. ಇನ್ನೂ ಚಿಕ್ಕದು."

"ಇದ್ನ ಅವ್ರಿಗೆ ಏಳು," ಅಂದಳು. ಅವಳಿಗೆ ಬೇಕಾದದ್ದು ಅಷ್ಟೇ. ಮಂದೆಯ ಬಗ್ಗೆ, ತಲೆಮಾರುಗಳ ಬಗ್ಗೆ ಅವಳಿಗೇನೂ ಬೇಕಿರಲಿಲ್ಲ. ಈ ಒಂದು ಸಂಕ್ರಾಂತಿಯನ್ನು ಮರಿ ದಾಟಬೇಕಿತ್ತು.

ನಾನು ಸುಮ್ಮನೆ ಹೋಗಿ ಹೇಳುವವಳಲ್ಲ. ಹೇಳುವ ಮುಂಚೆ ಕೆಲವು ತಿಂಗಳು ದೊಡ್ಡಿಯನ್ನು ನೋಡಿದೆ. ನಮ್ಮ ಜಿಂಕೆಗಳಿಗೆ ಕೊಂಬು ಉದುರುವ ಒಂದೇ ಕಾಲ ಎಂಬುದಿಲ್ಲ. ಒಂದರದ್ದು ಗಟ್ಟಿಯಾಗಿರುವಾಗ ಇನ್ನೊಂದರದ್ದು ಚರ್ಮದೊಳಗೆ ಬೆಳೆಯುತ್ತಿರುತ್ತದೆ, ಮತ್ತೊಂದರ ತಲೆ ಬೋಳು. ಸಂಕ್ರಾಂತಿಯ ದಿನ ಮೊಳ ಹಿಡಿದು ನೋಡಿದರೆ ಸಿಕ್ಕಿಬೀಳುವುದು ಕೆಟ್ಟ ಬೀಜವಲ್ಲ. ಎಳೆಯವು, ಮತ್ತು ಆ ತಿಂಗಳಲ್ಲಿ ಕೊಂಬು ಅರ್ಧ ಬೆಳೆದಿದ್ದ ಪಾಪದವು. ಜೊತೆಗೆ, ಕೊಂಬಿನ ಗುಣ ತಾಯಿಯಿಂದಲೂ ಬರುತ್ತದೆ. ಹೆಣ್ಣುಜಿಂಕೆಯ ತಲೆಯನ್ನು ನೋಡಿ ಅದನ್ನು ಹೇಳುವುದು ಯಾರಿಂದಲೂ ಆಗದು.

ನಮ್ಮ ಕೊಟ್ಟಿಗೆಯ ತೊಲೆಗೆ ಅಪ್ಪ ಮೂರು ಜೋಡಿ ಕೊಂಬು ಸಿಕ್ಕಿಸಿದ್ದರು. ಮೂರೂ ಒಂದೇ ಜಿಂಕೆಯವು. ಎಡಗಿವಿ ಹರಿದಿದ್ದ ಒಂದು ಗಂಡು ಪ್ರತಿವರ್ಷವೂ ಅದೇ ಬಿದಿರುಮೆಳೆಯ ಹತ್ತಿರ ಕೊಂಬು ಬೀಳಿಸುತ್ತಿತ್ತು, ಅಪ್ಪನಿಗೆ ಅದರ ಮೇಲೆ ಪ್ರೀತಿ. ಮೂರನ್ನೂ ಇಳಿಸಿ ನೂಲು ಹಿಡಿದು ಅಳೆದೆ. ಮೊದಲನೆಯದಕ್ಕಿಂತ ಎರಡನೆಯದು ಗಿಡ್ಡ, ಎರಡನೆಯದಕ್ಕಿಂತ ಮೂರನೆಯದು. ಹಿಂದಿನ ಸಂಕ್ರಾಂತಿಗೆ, ಹೊಸ ಕೊಂಬು ಇನ್ನೂ ಬೆಳೆಯುತ್ತಿದ್ದಾಗ, ಅದನ್ನೂ ನಿಯಮದ ಪ್ರಕಾರ ಹೊಡೆದಿದ್ದರು. ನಾನು ರಜಕ್ಕೆ ಬಂದಿದ್ದೆ, ಅದರ ಹಲ್ಲು ನೋಡಿದ್ದೆ. ಸವೆದಿರಲಿಲ್ಲ. ಅಂದರೆ ಕೊಂಬು ಗಿಡ್ಡವಾದದ್ದು ಮುದಿತನದಿಂದಲ್ಲ.

ಇವನ್ನು ತೆಗೆದುಕೊಂಡು ದೊಡ್ಡಮನೆಗೆ ಹೋದೆ. ಯಜಮಾನರು ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಮೂರು ಜೋಡಿಯನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ಹೇಳಿದೆ: "ಇದು ಒಂದೇ ಪ್ರಾಣಿ. ಅದರ ಬೀಜ ವರ್ಷದಿಂದ ವರ್ಷಕ್ಕೆ ಕೆಡುವುದಿಲ್ಲ. ಕೆಟ್ಟದ್ದು ಮೇವು."

"ಯಾವ ಮೇವು?"

"ಕೆರೆಯಂಗಳದ ಹುಲ್ಲು."

ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಯುದ್ಧದ ಕಾಲದಲ್ಲಿ ರೇಷ್ಮೆಗೆ ಬೆಲೆ ಬಂದಾಗ, ದೊಡ್ಡಿಯ ಕೆಳಭಾಗಕ್ಕೆ, ಕೆರೆಯ ಮಗ್ಗುಲಿಗೆ, ಅಡ್ಡಗೋಡೆ ಎಬ್ಬಿಸಿ ಹಿಪ್ಪನೇರಳೆ ಹಾಕಿಸಿದ್ದರು. ಬೇಸಿಗೆಯಲ್ಲೂ ಹಸಿರಿರುತ್ತಿದ್ದ ಜಾಗ ಅದೊಂದೇ. ಆಮೇಲೂ ಗೋಡೆಯನ್ನು ವರ್ಷ ಬಿಟ್ಟು ವರ್ಷ ಒಳಕ್ಕೆ ಸರಿಸುತ್ತಲೇ ಬಂದಿದ್ದರು.

"ಅಂದ್ರೆ ಹಿಪ್ಪನೇರಳೆ ಕಿತ್ತು ಜಿಂಕೆಗೆ ಬಿಟ್ಕೊಡು ಅಂತೀಯ."

"ಜಿಂಕೆಗೆ ಕೊಂಬು ಬರಬೇಕಾದರೆ ಹಾಗೆ. ಕೊಲ್ಲುವುದರಿಂದ ಬರುವುದಿಲ್ಲ."

ಅವರು ಒಂದು ಕೊಂಬನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು. ನಂತರ ನಕ್ಕರು. "ನಿಮ್ಮಪ್ಪನಿಗೆ ಹೇಳ್ಬೇಕು, ಇವಳಿಗೆ ಬೇಗ ಒಂದು ಗಂಡು ನೋಡಯ್ಯಾ ಅಂತ. ಮೊಳ ಅಳ್ದು ತರ್ಲಿ." ಒಳಗಿನಿಂದ ಯಾರೋ ಹೆಂಗಸರೂ ನಕ್ಕದ್ದು ಕೇಳಿಸಿತು. ನಾನು ಕೊಂಬುಗಳನ್ನು ಎತ್ತಿಕೊಂಡು ಬಂದೆ.

ನಾನು ಬರುವ ಮುಂಚೆಯೇ ಮಾತು ಮನೆ ಮುಟ್ಟಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಅವ್ರ ಜಮೀನು, ಅವ್ರ ಗೋಡೆ. ನಾಳೆ ನಮ್ಮನ್ನ ಎದ್ದು ಹೋಗಿ ಅಂದ್ರೆ ಎಲ್ಲಿಗೆ ಹೋಗೋದು, ನಿನ್ನ ಕಾಲೇಜಿಗಾ?" ಅಂದರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ. ಆವತ್ತೂ ಮೆಲ್ಲಗೇ ಕೇಳಿದರು.

ದೊಡ್ಡಿಯನ್ನು ನೋಡುತ್ತಿದ್ದ ತಿಂಗಳುಗಳಲ್ಲಿ ಇನ್ನೊಂದು ವಿಷಯವೂ ನನ್ನ ಕಣ್ಣಿಗೆ ಬಿದ್ದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊದಲ ಸಂಕ್ರಾಂತಿಗೆ ಜಾಗಟೆ ಬಾರಿಸಿದಾಗ ಇಡೀ ಮಂದೆ ಬಾನಿಗೆ ಬಂದಿತ್ತು ಎಂದು ಅಪ್ಪನೇ ಹೇಳುತ್ತಿದ್ದರು. ಮುಂದಿನ ವರ್ಷ ಕೆಲವು ದೂರ ನಿಂತವು. ಹೊಡೆತಕ್ಕೆ ಸಿಕ್ಕದ್ದು ಮೊದಲು ಬಂದಂಥವು, ಮನುಷ್ಯರನ್ನು ನಂಬಿದಂಥವು. ಹಿಂದೆ ನಿಂತವು ಉಳಿದವು, ಅವುಗಳ ಮರಿಗಳು ಹಿಂದೆ ನಿಲ್ಲುವುದನ್ನೇ ತಾಯಿಯ ಮಗ್ಗುಲಲ್ಲಿ ಕಲಿತವು. ಅಳಿಯಂದಿರು ಕೊಂಬಿಗಾಗಿ ಆರಿಸುತ್ತಿದ್ದೇನೆ ಅಂದುಕೊಂಡಿದ್ದರು. ಮಂದೆಯಲ್ಲಿ ನಿಜವಾಗಿ ಹೆಚ್ಚುತ್ತಿದ್ದದ್ದು ಹೆದರಿಕೆ. ನಾನು ಬಂದ ವರ್ಷ, ಬೇಸಿಗೆಯ ಮೇವಿಗೆಂದು ಬಾರಿಸಿದ ಜಾಗಟೆಗೂ ಒಂದೂ ಬರಲಿಲ್ಲ. ಹುರುಳಿ ಬಾನಿಯಲ್ಲೇ ಹುಳಿಯಿತು. ಹಸಿದಿದ್ದರೂ ಬರಲಿಲ್ಲ.

ಹಸಿದ ಪ್ರಾಣಿಯನ್ನು ಕೊಲ್ಲಬಾರದು ಎಂಬ ಕರುಣೆಯಿಂದ ಯಜಮಾನರು ಮಾಡಿದ ಏರ್ಪಾಡು ಅದು. ಮಂದೆ ಕಲಿತದ್ದು, ಮನುಷ್ಯರು ಹುರುಳಿ ಹಾಕಿ ಕರೆದರೆ ಸಾವು ಎಂದು.

ಸಂಕ್ರಾಂತಿಗೆ ಕೆಲವೇ ದಿನ ಇರುವಾಗ ಯಜಮಾನರೇ ನಮ್ಮ ಮನೆಗೆ ಬಂದರು. ಹಾಗೆ ಅವರು ಬರುವವರಲ್ಲ. ಅಪ್ಪ ಕಂಬಳಿ ಹಾಸಿದರು, ಅವ್ವ ಮಜ್ಜಿಗೆ ತಂದಳು. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಅಪ್ಪನನ್ನು ಬಿಟ್ಟು ಅವ್ವನ ಕಡೆ ತಿರುಗಿದರು.

"ತಾಯಿ, ನಿನ್ನ ಮರಿ ನೀನು ಕೂಗಿದ್ರೆ ಬರ್ತದಲ್ಲ?"

"ಬತ್ತದೆ ಬುದ್ದಿ."

"ಅದರ ಹಿಂದೆ ಉಳಿದವೂ ಬರಬಹುದು. ಒಂದು ನಡೆದ್ರೆ ಮಂದೆ ನಡೀತದೆ. ಅಳಿಯಂದಿರು ಹೋದ ಸಲವೇ ಅರ್ಧ ದಿನ ಕಾದು ಬೇಜಾರು ಮಾಡ್ಕೊಂಡ್ರು. ಈ ಸಲ ನೀನು ಕೂಗಿಕೊಡ್ಬೇಕು."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು. "ಅದ್ರುದೂ ಮೊಳ ಇಲ್ಲ ಬುದ್ದಿ," ಅಂದಳು.

"ಅದಕ್ಕೇ ಬಂದದ್ದು. ನೀನು ಕೂಗು, ನಿನ್ನ ಮರೀನ ಯಾರೂ ಮುಟ್ಟಲ್ಲ. ನನ್ನ ಮಾತು. ಕೆಂಪು ದಾರ ಕಟ್ಟಿದೀಯಲ್ಲ, ಗುರುತು ಸಿಕ್ತದೆ."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಕಂಬಳಿಯ ಅಂಚನ್ನು ನೋಡುತ್ತಿದ್ದರು. ಅವಳು ಆಗಲಿ ಅಂದಳು.

ಆಮೇಲೆ ಒಲೆಯ ಮುಂದೆ ನನ್ನನ್ನು ಕೇಳಿದಳು: "ಇದ್ರ ಇಂದೆ ಅವು ಬಂದ್ಬುಟ್ಟವಾ?"

"ಗೊತ್ತಿಲ್ಲವ್ವ. ಬರುವುದಿಲ್ಲ ಅನ್ನಿಸುತ್ತದೆ."

"ಬರ್ದೇ ಇದ್ರೆ ಎಷ್ಟು ವಾಸಿ," ಅಂದಳು. "ನಾನು ಕೂಗ್ದೆ ಅಂತ ನನ್ ಮಾತೂ ಉಳೀತದೆ, ಅವ್ಗಳ ಜೀವಾನೂ ಉಳೀತದೆ. ಇವ್ನೂ ಉಳೀತಾನೆ." ಮುದ್ದೆಯ ಕೋಲನ್ನು ತೊಳೆದು ಗೋಡೆಗೆ ಒರಗಿಸಿದಳು. ಅವತ್ತಿನಿಂದ ಸಂಕ್ರಾಂತಿಯವರೆಗೂ ಅವಳು ದಿನಕ್ಕೊಂದು ಸಲ ಇದೇ ಲೆಕ್ಕವನ್ನು ಹೇಳಿಕೊಳ್ಳುತ್ತಿದ್ದಳು. ನಾನು ತಿದ್ದಲಿಲ್ಲ. ತಿದ್ದುವಂಥದ್ದು ನನಗೂ ಅದರಲ್ಲಿ ಏನೂ ಕಂಡಿರಲಿಲ್ಲ.

ಸಂಕ್ರಾಂತಿಯ ಸಾಯಂಕಾಲ ಬೆಟ್ಟದ ನೆರಳು ಇನ್ನೂ ದೊಡ್ಡಿಯೊಳಗೆ ಇಳಿದಿರಲಿಲ್ಲ. ಬಾನಿಗೆ ಹುರುಳಿ ಸುರಿದಾಗಿತ್ತು. ಮೋಟುಗೋಡೆಯ ಹಿಂದೆ ಯಜಮಾನರು, ಅಳಿಯಂದಿರು, ಅಪ್ಪ. ಅಳಿಯಂದಿರೇ ಹೇಳಿ ಕಳಿಸಿದ್ದರಿಂದ ನಾನೂ ಇದ್ದೆ. ಅವರು ಒಳ್ಳೆಯ ನಡವಳಿಕೆಯವರು. ನನಗೆ ಕೂರಲು ಒಂದು ಮಣೆ ಹಾಕಿಸಿದ್ದರು. "ನೀವು ಪ್ರಾಣಿಶಾಸ್ತ್ರ ಓದಿದವರಂತೆ. ಮೇವಿನ ವಿಷಯ ಮಾವ ಹೇಳಿದರು. ಅದೂ ಇರಬಹುದು. ಎರಡನ್ನೂ ಮಾಡಬೇಕು, ಏನಂತೀರಿ?" ಅಂದರು. "ಈವರೆಗೆ ಎರಡರಲ್ಲಿ ಒಂದೂ ಆದಂತೆ ಕಾಣುವುದಿಲ್ಲ," ಅಂದೆ. ಅವರು ನಕ್ಕು ಬಂದೂಕಿನ ಕಡೆ ತಿರುಗಿದರು.

ಅವ್ವ ಬಾನಿಯ ಪಕ್ಕ ಒಬ್ಬಳೇ ನಿಂತಿದ್ದಳು. ಅಪ್ಪ ಜಾಗಟೆ ಬಾರಿಸಿದರು. ದೂರದ ಬಿದಿರುಮೆಳೆಯ ಹತ್ತಿರ ಮಂದೆ ತಲೆ ಎತ್ತಿತು, ಅಲ್ಲಿಂದ ಕದಲಲಿಲ್ಲ. ಆಗ ಅವ್ವ ಕೂಗಿದಳು. "ಬಾ ಮಗಾ. ಬಾ, ಬಾ, ಬಾ." ಕಿಂಡಿಯ ಹತ್ತಿರ ನಿಂತು ಕೂಗುತ್ತಿದ್ದ ಅದೇ ದನಿ. ಅಷ್ಟು ಜನರ ಎದುರು ಅದನ್ನು ಕೇಳಿ ನನ್ನ ತಲೆ ತಗ್ಗಿತು.

ಮರಿ ಮಂದೆಯಿಂದ ಬಿಡಿಸಿಕೊಂಡು ಹೊರಟಿತು. ಅದರ ಬೆನ್ನಿಗೆ ಎರಡು ಹೆಣ್ಣುಗಳು ನಾಲ್ಕು ಹೆಜ್ಜೆ ಬಂದವು. ಹಳೆಯ ಒಂದು ಹೆಣ್ಣು ಕಾಲಿನಿಂದ ನೆಲ ಬಡಿದು ಚೀರಿತು. ಬಂದ ಎರಡೂ ತಿರುಗಿದವು. ಮರಿ ನಿಂತು ಒಮ್ಮೆ ಹಿಂದೆ ನೋಡಿ, ಮತ್ತೆ ಅವ್ವನ ಕಡೆ ಓಡಿ ಬಂತು. ಬಂದದ್ದೇ ಬಾನಿಗೆ ತಲೆ ಹಾಕಿತು.

ಕಾದೆವು. ಅಪ್ಪ ಮತ್ತೆ ಜಾಗಟೆ ಬಾರಿಸಿದರು. ಮಂದೆ ಮೆಳೆಯೊಳಗೆ ಇನ್ನಷ್ಟು ಸರಿಯಿತು. ಬಿಸಿಲು ಬಾನಿಯಿಂದ ಎದ್ದು ಗೋಡೆ ಹತ್ತಿತು. ಬಾನಿಯಲ್ಲಿ ಹುರುಳಿ ಅಗಿಯುವ ಸದ್ದು ಮೋಟುಗೋಡೆಯವರೆಗೆ ಕೇಳಿಸುತ್ತಿತ್ತು.

ಅಳಿಯಂದಿರು ಸಿಟ್ಟು ಮಾಡಲಿಲ್ಲ. ಮಾವನ ಕಡೆ ಬಾಗಿ ಮೆಲ್ಲಗೆ, "ಬೆಳಿಗ್ಗೆ ನಾವು ಹೊರಡಬೇಕು," ಅಂದರು. ಸ್ವಲ್ಪ ಬಿಟ್ಟು, "ಇದೂ ನಿಯಮದೊಳಗೇ ಬರ್ತದಲ್ಲ ಮಾವ. ಗೇಣೂ ಇಲ್ಲ."

ಅಳಿಯ ಬರಿಗೈಯಲ್ಲಿ ಹೋಗುವುದು, ಅದನ್ನು ಹನೂರಿನಲ್ಲಿ ಬೀಗರ ಮನೆಯಲ್ಲಿ ಹೇಳುವುದು, ಇದೆಲ್ಲ ಯಜಮಾನರ ಮುಖದಲ್ಲಿ ಓಡಾಡಿತು. ಕೊಟ್ಟ ಮಾತೂ ಓಡಾಡಿರಬೇಕು. ಅವರು ಅಪ್ಪನ ಕಡೆ ತಿರುಗಿದರು.

"ಏನಯ್ಯಾ, ಏನ್ಮಾಡಾಣ?"

ನಾನು ಎದ್ದು ನಿಂತೆ. "ಅದಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ. ಮೊದಲ ಕೊಂಬು ಎಲ್ಲದಕ್ಕೂ ಹೀಗೇ ಇರುತ್ತದೆ. ನೀವು ಅವ್ವನಿಗೆ ಮಾತು ಕೊಟ್ಟಿದ್ದೀರಿ," ಅಂದೆ.

ಅಳಿಯಂದಿರು ನನ್ನತ್ತ ನೋಡಿದರು. ಮಾತಿನ ವಿಷಯ ಅವರಿಗೆ ಗೊತ್ತಿರಲಿಲ್ಲ ಅನ್ನಿಸಿತು. ಯಜಮಾನರು ನನ್ನತ್ತ ನೋಡಲಿಲ್ಲ. "ನಿನ್ನ ಕೇಳ್ತಿರೋದಯ್ಯಾ," ಎಂದು ಅಪ್ಪನಿಗೆ ಮತ್ತೆ ಹೇಳಿದರು.

ಅಪ್ಪ ಒಂದು ಸಲ ಬೇಡ ಅಂದಿದ್ದರೆ ಯಜಮಾನರು ಅದನ್ನೇ ನೆಪ ಮಾಡಿಕೊಳ್ಳುತ್ತಿದ್ದರು. ಅವರು ಕೇಳುತ್ತಿದ್ದದ್ದೇ ಅದನ್ನು ಎಂದು ಈಗ ನನಗೆ ಖಂಡಿತವಾಗಿ ಅನ್ನಿಸುತ್ತದೆ. ಬೇಡ ಅನ್ನುವ ಕೆಲಸವನ್ನು ತಮ್ಮ ಬದಲು ಇನ್ನೊಬ್ಬನ ಬಾಯಿಂದ ಮಾಡಿಸಲು ನೋಡುತ್ತಿದ್ದರು.

"ತಮ್ಮ ಚಿತ್ತ, ಬುದ್ದಿ," ಅಂದರು ಅಪ್ಪ.

ಆಮೇಲೆ ಅವ್ವನ ಕಡೆ ಕೈ ಮಾಡಿ, "ಈಚೆಗೆ ಬಾ," ಎಂದು ಕರೆದರು.

ಅವ್ವ ಮರಿಯ ಬೆನ್ನು ತಟ್ಟಿ, ಅದನ್ನು ತಿನ್ನಲು ಬಿಟ್ಟು, ನಮ್ಮ ಕಡೆ ಬಂದಳು. ಕೆಲಸ ಮುಗಿಯಿತು ಅಂದುಕೊಂಡಿದ್ದಳು. ಅವಳ ಲೆಕ್ಕ ಸರಿಹೋಗಿತ್ತು. ಕೂಗಿಯೂ ಆಗಿತ್ತು, ಮಂದೆಯೂ ಬಂದಿರಲಿಲ್ಲ. ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ, "ಬರ್ಲಿಲ್ಲ ಕಣ್ ಮಗಾ ಅವು," ಅಂದಳು. ಅವಳ ಮುಖದಲ್ಲಿ ನಗುವಿನಂಥದ್ದು ಇತ್ತು.

ಆಗ ಗುಂಡು ಹಾರಿತು.

ಮರಿ ಬಾನಿಯ ಮೇಲೇ ಕುಸಿಯಿತು. ಒಂದು ಮುಂಗಾಲು ಹುರುಳಿಯೊಳಗೆ ಸಿಕ್ಕಿಕೊಂಡಿತ್ತು. ಅವ್ವ ತಿರುಗಿ ನೋಡಿದಳು. ಯಜಮಾನರು ಎದ್ದು, ಪಂಚೆ ಕೊಡವಿಕೊಂಡು, ಅವಳನ್ನು ದಾಟಿ ಹೋಗುವಾಗ ಹೇಳಿದರು: "ಹೊಟ್ಟೆ ತುಂಬಿತ್ತು ಬಿಡು ತಾಯಿ."

ಮನೆಗೆ ಬಂದು ಅವಳು ಎಂದಿನಂತೆ ದೀಪ ಹಚ್ಚಿದಳು, ಲಿಂಗಪೂಜೆ ಮಾಡಿಕೊಂಡಳು, ಮುದ್ದೆ ತೊಳಸಿದಳು. ಅಪ್ಪನ ಮುಂದೆ ತಟ್ಟೆ ಇಟ್ಟಳು. ಅಪ್ಪ ಸ್ನಾನ ಮಾಡಿ ಬಂದು ಕೂತಿದ್ದರು. ಮುದ್ದೆ ಮುರಿಯಲಿಲ್ಲ.

"ಅಳಿಯ್ದೇವ್ರು ಅಂಗ್ ಮಾಡ್ತಾರೆ ಅಂತ ಯಜಮಾನ್ರಿಗೂ ಗೊತ್ತಿರ್ನಿಲ್ಲ," ಅಂದಳು ಅವ್ವ. ಅವಳು ಯಾರನ್ನಾದರೂ ಉಳಿಸಿಕೊಳ್ಳಲು ನೋಡುತ್ತಿದ್ದಳು.

ಅಪ್ಪ ಸುಮ್ಮನಿರಬಹುದಿತ್ತು. ನಾನಂತೂ ಹೇಳುತ್ತಿರಲಿಲ್ಲ. "ಗೊತ್ತಿತ್ತು," ಅಂದರು. "ನನ್ನ ಕೇಳಿದ್ರು."

"ಏನಂದ್ರಿ?"

ಒಲೆಯಲ್ಲಿ ಕೊಳ್ಳಿ ಜಾರಿತು. ಅವ್ವ ಅದನ್ನು ಒಳಕ್ಕೆ ನೂಕಿ ಕಾದಳು.

"ತಮ್ಮ ಚಿತ್ತ ಅಂದೆ."

ಅವ್ವ ಬಯ್ಯುತ್ತಾಳೆ, ಅಳುತ್ತಾಳೆ ಎಂದು ನಾನು ಎಣಿಸಿದ್ದೆ. "ಕೂಗಿದ್ದು ನಾನು," ಅಂದಳು. ಅಷ್ಟು ಹೇಳಿ ಒಳಗೆ ಹೋಗಿ ಮಲಗಿದಳು. ಅಪ್ಪ ತಟ್ಟೆಯ ಮುಂದೆ ಹಾಗೆಯೇ ಕೂತಿದ್ದರು.

ಮರುದಿನ ಬೆಳಗಾಗುತ್ತಲೇ ನಾನು ದೊಡ್ಡಮನೆಯ ಕೊಟ್ಟಿಗೆಗೆ ಹೋದೆ. ಇಡೀ ಮೈಯನ್ನೇ ಕೇಳಿ ತರೋಣ ಅಂದುಕೊಂಡಿದ್ದೆ, ತಡವಾಗಿತ್ತು. ಆಳುಗಳು ಮುತ್ತುಗದ ಎಲೆಗಳ ಮೇಲೆ ಪಾಲು ಹಾಕಿ ಆಗಿತ್ತು. ಸೊಪ್ಪು ಬಿಡಿಸುವ ಹೆಂಗಸೂ ಅಲ್ಲಿದ್ದಳು. ನನ್ನನ್ನು ನೋಡಿ ತನ್ನ ಪಾಲನ್ನು ಸೆರಗಿನಿಂದ ಮುಚ್ಚಿಕೊಂಡಳು. ನನಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. ಆ ಮನೆಗಳಲ್ಲಿ ಮಾಂಸ ಬೇಯುವುದೇ ಅಪರೂಪ.

ತಲೆ ಮೂಲೆಯಲ್ಲಿ ಬೇರೆಯಾಗಿ ಇತ್ತು. ನಾನು ಅದನ್ನು ಕೊಡಿ ಎಂದು ಕೇಳಿದೆ. ಆಳೊಬ್ಬ ಒಳಗೆ ಹೋಗಿ ಯಜಮಾನರನ್ನು ಕೇಳಿಕೊಂಡು ಬಂದ. "ತಕಂಡೋಗ್ಲಿ ಅಂದ್ರು ಕಣವ್ವ. ಗ್ವಾಡೆಗಾಕೋ ತಲೆ ಅಲ್ಲ ಅದು ಅಂದ್ರು," ಅಂದ. ಅವನೇ ಅದನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿಕೊಟ್ಟ. ನಾನು ಊಹಿಸಿದ್ದಕ್ಕಿಂತ ಭಾರವಿತ್ತು.

ಮನೆಗೆ ಒಯ್ಯಲಿಲ್ಲ. ದೊಡ್ಡಿಯ ಹೊರಗೆ, ಬೆಟ್ಟದ ಕಡೆಯ ಗೋಡೆಯ ಮಗ್ಗುಲಲ್ಲಿ, ಅಪ್ಪನ ಹಾರೆಯಿಂದ ಗುಂಡಿ ತೋಡಿದೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ನೆಲ ಗಟ್ಟಿಯಾಗಿತ್ತು, ನರಿ ಕೆದಕದಷ್ಟು ಆಳ ಬೇಕಿತ್ತು, ಹೊತ್ತು ಹಿಡಿಯಿತು. ಚೀಲದೊಂದಿಗೇ ಇಳಿಸಿ, ಮಣ್ಣೆಳೆದು, ಮೇಲೆ ಕಲ್ಲು ಹೇರಿದೆ. ಗುರುತಿಗೆ ಏನೂ ಇಡಲಿಲ್ಲ.

ಅವ್ವ ಇನ್ನೂ ಎದ್ದಿರಲಿಲ್ಲ. ನಾನು ಬಚ್ಚಲಲ್ಲಿ ಕೈ ತೊಳೆದುಕೊಂಡು, ಒಲೆ ಹಚ್ಚಿ, ಅಪ್ಪನಿಗೂ ಅವಳಿಗೂ ರೊಟ್ಟಿ ತಟ್ಟಿದೆ.